ಮಾತ್ರೆಗೇ ಮೊದಲ ಮಣೆ

ಕೇಳುಗರೆಲ್ಲರಿಗೂ ನಮಸ್ಕಾರ. ಹಠಾತ್ತನೆ ಎದೆನೋವು ಬಂದು ಬೆವರಿ ಕುಸಿಯುವವರ ಬಗ್ಗೆ ನಾನು ಇವತ್ತು ಮಾತನಾಡುತ್ತಿಲ್ಲ. ಅವರಿಗೆ ಬೇಕಾದದ್ದು ಭಾಷಣವಲ್ಲ, ಆಂಬುಲೆನ್ಸ್. ಅಂಥವರಿಗೆ ಕೂಡಲೇ ಹಾಕುವ ಸ್ಟೆಂಟ್, ಅಂದರೆ ಹೃದಯದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ನಾನು ಹೇಳುವುದು ಬೇರೆಯವರಿಗೆ. ಮಹಡಿ ಹತ್ತುವಾಗ, ಊಟವಾದ ಮೇಲೆ ಬಿರುಸಾಗಿ ನಡೆಯುವಾಗ ಅವರ ಎದೆ ಬಿಗಿಯುತ್ತದೆ. ನಿಂತು ಸುಧಾರಿಸಿಕೊಂಡರೆ ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ತಿಂಗಳುಗಳಿಂದ ಹೀಗೇ ಇದೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಹೃದಯದ ಸ್ನಾಯುಗಳಿಗೆ ರಕ್ತ ಒಯ್ಯುವ ನಾಳ ಕಿರಿದಾಗಿದೆ, ಆದರೆ ರೋಗ ಒಂದು ಹದದಲ್ಲಿ ನಿಂತಿದೆ. ಇದು ಸ್ಥಿರ ಆಂಜೈನಾ. ಇವರಿಗೆ ನನ್ನದು ಒಂದೇ ಮಾತು: ಮೊದಲು ಮಾತ್ರೆ.

ಇಂಥ ಕುಟುಂಬಗಳನ್ನು ದಿನವೂ ನೋಡುತ್ತೇನೆ. ರೋಗಿ ಸುಮ್ಮನೆ ಕುಳಿತಿರುತ್ತಾರೆ, ಮಾತೆಲ್ಲ ಮಗನದು, ಅಳಿಯನದು. ಪ್ಲಾಸ್ಟಿಕ್ ಕವರಿನಿಂದ ಆಂಜಿಯೋಗ್ರಾಂ, ಅಂದರೆ ಹೃದಯದ ನಾಳಗಳ ಎಕ್ಸ್-ರೇ ಚಿತ್ರದ ಸಿ.ಡಿ. ಹೊರಬರುತ್ತದೆ. “ಸಾರ್, ಎಂಬತ್ತು ಪರ್ಸೆಂಟ್ ಬ್ಲಾಕ್ ಇದೆಯಂತೆ, ತಡ ಮಾಡಬೇಡಿ ಎಂದಿದ್ದಾರೆ.” ಅಷ್ಟು ಹೊತ್ತಿಗೆ ಮನೆಯಲ್ಲಿ ಬಳೆ ಅಡವಿಡುವ ಮಾತೂ ಮುಗಿದಿರುತ್ತದೆ. ನಾನು ರೋಗಿಯ ಕಡೆ ತಿರುಗಿ, “ಯಜಮಾನರೇ, ಎದೆನೋವಿಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?” ಎನ್ನುತ್ತೇನೆ. “ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದೇನೆ” ಎನ್ನುತ್ತಾರೆ. ಸರಿಯಾದ ಮಾತ್ರೆ ಒಂದು ವಾರವೂ ಹೊಟ್ಟೆಗೆ ಹೋಗಿರುವುದಿಲ್ಲ, ಆಗಲೇ ಸ್ಟೆಂಟಿನ ಮಾತು!

ಬ್ಲಾಕ್ ಎಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಕಸ ಕಟ್ಟಿಕೊಂಡ ನಲ್ಲಿಯ ಪೈಪು. ಆ ಪೈಪನ್ನು ದಯವಿಟ್ಟು ತಲೆಯಿಂದ ತೆಗೆದುಹಾಕಿ. ಕೊಬ್ಬು ಎಲ್ಲಿಂದಲೋ ತೇಲಿಬಂದು ಸಿಕ್ಕಿಕೊಂಡದ್ದಲ್ಲ, ನಾಳದ ಗೋಡೆಯೊಳಗೇ ಬೆಳೆದದ್ದು. ಒಂದು ಕಡೆ ಬೆಳೆದಿದ್ದರೆ ಇನ್ನೂ ಹತ್ತು ಕಡೆ ಅಷ್ಟಿಷ್ಟು ಇರುತ್ತದೆ. ಅದರ ಮೇಲಿನ ತೆಳುಪೊರೆ ಹರಿದು ರಕ್ತ ಹೆಪ್ಪುಗಟ್ಟಿದಾಗ ಹೃದಯಾಘಾತವಾಗುತ್ತದೆ. ಹಾಗೆ ಹರಿಯುವುದು ಎಷ್ಟೋ ಸಲ ಆಂಜಿಯೋಗ್ರಾಂನಲ್ಲಿ ಯಾರೂ ಲೆಕ್ಕಕ್ಕಿಡದ ಸಣ್ಣ ಬ್ಲಾಕ್. ಸ್ಟೆಂಟ್ ತಾನು ಕುಳಿತ ಎರಡು ಮೂರು ಸೆಂಟಿಮೀಟರ್ ಜಾಗವನ್ನಷ್ಟೇ ಕಾಯುತ್ತದೆ. ಮಾತ್ರೆ ನಾಳದ ಉದ್ದಕ್ಕೂ ಕೆಲಸ ಮಾಡುತ್ತದೆ.

ಇದು ನನ್ನ ಸ್ವಂತ ವಾದವಲ್ಲ. 2007ರಲ್ಲಿ ಅಮೆರಿಕ ಮತ್ತು ಕೆನಡಾದ 2,287 ರೋಗಿಗಳ ಅಧ್ಯಯನ ಪ್ರಕಟವಾಯಿತು. 2020ರಲ್ಲಿ ಅದಕ್ಕಿಂತ ದೊಡ್ಡದು ಬಂತು: 37 ದೇಶ, 5,179 ರೋಗಿಗಳು, ನಮ್ಮ ಭಾರತದವರೂ ಸೇರಿ. ಒಂದು ಗುಂಪಿಗೆ ಒಳ್ಳೆಯ ಮಾತ್ರೆ, ಇನ್ನೊಂದಕ್ಕೆ ಅದೇ ಮಾತ್ರೆಯ ಜೊತೆಗೆ ಸ್ಟೆಂಟ್ ಅಥವಾ ಬೈಪಾಸ್. ಕೆಲವು ವರ್ಷಗಳ ನಂತರ ಲೆಕ್ಕ ಹಾಕಿದರೆ ಸಾವಿನಲ್ಲಿ ವ್ಯತ್ಯಾಸವೇ ಇರಲಿಲ್ಲ.

“ಹಾಗಾದರೆ ಸ್ಟೆಂಟ್ ಹಾಕಿಸಿಕೊಂಡ ನಮ್ಮ ಭಾವನಿಗೆ ಮಾರನೆಯ ದಿನವೇ ಹಗುರವಾಯಿತಲ್ಲ?” ಎಂದು ಕೇಳುತ್ತೀರಿ. ಅದಕ್ಕೊಂದು ಕಥೆ ಇದೆ, ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಹೃದ್ರೋಗ ತಜ್ಞೆ ರಶಾ ಅಲ್ ಲಮೀ ಮತ್ತು ಅವರ ಸಂಗಡಿಗರು 200 ರೋಗಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಎಲ್ಲರಿಗೂ ಒಂದೇ ನಾಳದಲ್ಲಿ ಎಪ್ಪತ್ತು ಪರ್ಸೆಂಟಿಗೂ ಮೇಲ್ಪಟ್ಟ ಬ್ಲಾಕ್. ಮೊದಲ ಆರು ವಾರ ವೈದ್ಯರು ಫೋನಿನಲ್ಲಿ ಮತ್ತೆ ಮತ್ತೆ ವಿಚಾರಿಸಿ ಮಾತ್ರೆಗಳನ್ನು ಹದಕ್ಕೆ ತಂದರು. ಆಮೇಲೆ ಒಬ್ಬೊಬ್ಬರನ್ನೇ ಆಂಜಿಯೋಗ್ರಾಂ ಮೇಜಿನ ಮೇಲೆ ಮಲಗಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸಂಗೀತ ಹಚ್ಚಿದರು. ನಮ್ಮಲ್ಲಾಗಿದ್ದರೆ ಯಾವ ಹಾಡು ಹಾಕಬೇಕೆಂದು ಮನೆಯವರಲ್ಲಿ ಜಗಳವೇ ಆಗುತ್ತಿತ್ತು, ಇರಲಿ. ಮಂಪರು ಬರುವ ಔಷಧಿ ಕೊಟ್ಟರು. ಆಮೇಲೆ ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಜನರಿಗೆ ಸ್ಟೆಂಟ್ ಹಾಕಿದರು. ಉಳಿದವರನ್ನು ಕಾಲು ಗಂಟೆಯಾದರೂ ಹಾಗೇ ಮಲಗಿಸಿಕೊಂಡಿದ್ದು, ಏನೂ ಹಾಕದೆ ಹೊರಗೆ ಕಳುಹಿಸಿದರು. ತನಗೆ ಏನಾಯಿತೆಂದು ರೋಗಿಗೆ ಗೊತ್ತಿಲ್ಲ. ಮುಂದೆ ನೋಡಿಕೊಳ್ಳುವ ವೈದ್ಯರಿಗೂ ಗೊತ್ತಿಲ್ಲ.

ಆರು ವಾರ ಕಳೆದು ಎಲ್ಲರನ್ನೂ ಟ್ರೆಡ್‌ಮಿಲ್ ಹತ್ತಿಸಿದರು. ಸ್ಟೆಂಟ್ ಹಾಕಿಸಿಕೊಂಡವರು ಮೊದಲಿಗಿಂತ ಸರಾಸರಿ 28 ಸೆಕೆಂಡ್ ಹೆಚ್ಚು ನಡೆದರು. ಏನೂ ಹಾಕಿಸಿಕೊಳ್ಳದವರೂ 12 ಸೆಕೆಂಡ್ ಹೆಚ್ಚು ನಡೆದರು! ನಡುವಿನ ಅಂತರ ಗಣನೆಗೆ ಬರುವಷ್ಟಿರಲಿಲ್ಲ. ಎದೆನೋವು ಇಳಿದದ್ದರಲ್ಲೂ ಎರಡೂ ಗುಂಪು ಹೆಚ್ಚುಕಡಿಮೆ ಸಮ. 2017ರಲ್ಲಿ ಇದು ಪ್ರಕಟವಾದಾಗ ನಮ್ಮ ವೃತ್ತಿಯಲ್ಲಿ ಕೋಲಾಹಲವೇ ಎದ್ದಿತು. ನಿಮ್ಮ ಭಾವನಿಗೆ ಹಗುರವಾದದ್ದು ಸುಳ್ಳೆನ್ನುವುದಿಲ್ಲ. ಅದರಲ್ಲಿ ಮಾತ್ರೆಯ ಪಾಲೆಷ್ಟು, ಭರವಸೆಯ ಪಾಲೆಷ್ಟು ಎಂಬುದಷ್ಟೇ ನನ್ನ ಪ್ರಶ್ನೆ. ಅದೇ ತಂಡ 2023ರಲ್ಲಿ ಎದೆನೋವು ಇಳಿಸುವ ಮಾತ್ರೆಗಳನ್ನು ಪೂರ್ತಿ ನಿಲ್ಲಿಸಿ ಮತ್ತೆ ಪರೀಕ್ಷಿಸಿತು. ಆಗ ಸ್ಟೆಂಟ್ ಹಾಕಿದವರಿಗೆ ನೋವು ನಿಜಕ್ಕೂ ಕಡಿಮೆಯಾಯಿತು, ಎಲ್ಲರಿಗೂ ಅಲ್ಲ. ಆದ್ದರಿಂದ ಸ್ಟೆಂಟ್ ನಿಷ್ಪ್ರಯೋಜಕವಲ್ಲ. ಮಾತ್ರೆಗೆ ನೋವು ಬಗ್ಗದಿದ್ದರೆ ಧಾರಾಳವಾಗಿ ಹಾಕಿಸಿಕೊಳ್ಳಿ. ಆದರೆ ಮೊದಲು ಮಾತ್ರೆ.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮಾತ್ರೆಗಳಲ್ಲಿ ಎರಡು ಬಗೆ. ಆಸ್ಪಿರಿನ್ ಮತ್ತು ಅಟೋರ್ವಾಸ್ಟಾಟಿನ್‌ನಂಥ ಸ್ಟ್ಯಾಟಿನ್ ನಿಮ್ಮನ್ನು ಹೃದಯಾಘಾತದಿಂದ ಕಾಯುತ್ತವೆ. ಮೆಟೊಪ್ರೊಲಾಲ್, ಆಮ್ಲೊಡಿಪಿನ್, ನೈಟ್ರೇಟ್ ನೋವು ಇಳಿಸುತ್ತವೆ. ಕೊಲೆಸ್ಟೆರಾಲ್ ರಿಪೋರ್ಟ್ ನಾರ್ಮಲ್ ಬಂತೆಂದು ಸ್ಟ್ಯಾಟಿನ್ ಬಿಡುವವರಿದ್ದಾರೆ. ಸ್ವಾಮಿ, ನಾರ್ಮಲ್ ಬಂದದ್ದೇ ಅದರಿಂದ! ಸ್ಟೆಂಟ್ ಹಾಕಿಸಿಕೊಂಡವರಂತೂ ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆಯನ್ನು ವೈದ್ಯರು ಹೇಳದೆ ಒಂದು ದಿನವೂ ಬಿಡಬಾರದು. ಬೀಡಿ, ಸಿಗರೇಟು ಇವತ್ತೇ ಬಿಡಿ, ಬಿ.ಪಿ., ಶುಗರ್ ಹತೋಟಿಯಲ್ಲಿರಲಿ.

ಎಡಗಡೆಯ ಮುಖ್ಯ ನಾಳದ ಬುಡದಲ್ಲೇ ಬ್ಲಾಕ್ ಇದ್ದರೆ ಈ ಮಾತು ಅನ್ವಯಿಸುವುದಿಲ್ಲ. ಹೃದಯದ ಪಂಪಿಂಗ್ ಬಲ ತೀರ ಕುಗ್ಗಿದ್ದರೂ ಅಷ್ಟೇ. ಸಕ್ಕರೆ ಕಾಯಿಲೆಯ ಜೊತೆಗೆ ಮೂರೂ ನಾಳಗಳಲ್ಲಿ ಬ್ಲಾಕ್ ಇದ್ದವರಿಗೆ ಸ್ಟೆಂಟಿಗಿಂತ ಬೈಪಾಸ್ ಮೇಲು. 2017ರಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಮಿತಿ ಹಾಕಿತು, ಒಳ್ಳೆಯದೇ ಆಯಿತು. ಅಗ್ಗವಾಯಿತೆಂದು ಬೇಡದಿದ್ದರೂ ಹಾಕಿಸಿಕೊಳ್ಳಲು ಅದೇನು ದಸರೆಯ ರಿಯಾಯಿತಿ ಮಾರಾಟವೇ?

ಕೊನೆಯದಾಗಿ, ನಾಲಿಗೆಯ ಕೆಳಗಿಡುವ ನೈಟ್ರೇಟ್ ಮಾತ್ರೆ ಸದಾ ಜೇಬಿನಲ್ಲಿರಲಿ. ನೋವು ಬಂದರೆ ಕುಳಿತುಕೊಂಡು ಇಟ್ಟುಕೊಳ್ಳಿ, ನಿಂತು ಇಟ್ಟುಕೊಂಡರೆ ತಲೆಸುತ್ತಿ ಬೀಳುತ್ತೀರಿ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್‌ನಂಥ ಮಾತ್ರೆ ನುಂಗಿದವರು ಇದನ್ನು ಮುಟ್ಟಬಾರದು, ಬಿ.ಪಿ. ಪಾತಾಳಕ್ಕಿಳಿಯುತ್ತದೆ. ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿ, ಅವರು ಇಂಥದ್ದನ್ನು ದಿನಾ ಕೇಳುತ್ತಾರೆ. ನಮಸ್ಕಾರ.