ನಿಮ್ಮ ಮಲ್ಟಿಮೀಟರ್‌ನಲ್ಲಿ ಎಷ್ಟು ಪಿಕೋಫ್ಯಾರಡ್ ಇದೆ? ಮನೆಯಲ್ಲೇ ಅಳೆಯೋಣ ಬನ್ನಿ

ನಮಸ್ಕಾರ ಎಲ್ಲರಿಗೂ. ಇವತ್ತು ಟೇಬಲ್ ಮೇಲೆ ಜಾಸ್ತಿ ಸಾಮಾನಿಲ್ಲ. ಒಂದು ಮಲ್ಟಿಮೀಟರ್, ಬೇಕಾದ ಫ್ರೀಕ್ವೆನ್ಸಿಯ ಸಿಗ್ನಲ್ ಕೊಡುವ ಒಂದು ಫಂಕ್ಷನ್ ಜನರೇಟರ್, ಒಂದು 1 ಮೆಗಾಓಮ್ ರೆಸಿಸ್ಟರ್, ಅಷ್ಟೇ. ಒಂದು ಪರ್ಸೆಂಟ್ ಮೆಟಲ್ ಫಿಲ್ಮ್ ರೆಸಿಸ್ಟರ್ ಇದು, ಬೆಂಗಳೂರಿನವರಿಗೆ ಎಸ್‌ಪಿ ರೋಡ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಇಷ್ಟು ಇಟ್ಟುಕೊಂಡು ಮೀಟರ್‌ನ ಇನ್‌ಪುಟ್ ಕೆಪ್ಯಾಸಿಟೆನ್ಸ್, ಅಂದರೆ ಅದರ ಇನ್‌ಪುಟ್ ಚಾರ್ಜ್ ಹಿಡಿದಿಟ್ಟುಕೊಳ್ಳುವ ಗುಣ, ಎಷ್ಟು ಪಿಕೋಫ್ಯಾರಡ್ ಅಂತ ಕಂಡುಹಿಡಿಯೋಣ.

ಮೀಟರ್ ಬಗ್ಗೆ ಯಾರನ್ನೇ ಕೇಳಿ, "ಇನ್‌ಪುಟ್ 10 ಮೆಗಾಓಮ್ ಇದೆ, ಸರ್ಕ್ಯೂಟ್‌ಗೆ ಏನೂ ಆಗಲ್ಲ ಬಿಡಿ" ಅಂತಾರೆ. ಡಿಸಿಗೆ ಈ ಮಾತು ಸರಿ. ಎಸಿಗೆ ಬಂದರೆ ಇದು ಅರ್ಧ ಮಾತು. ಆ 10 ಮೆಗಾಓಮ್‌ಗೆ ಪ್ಯಾರಲಲ್ ಆಗಿ ಒಂದು ಸಣ್ಣ ಕೆಪ್ಯಾಸಿಟೆನ್ಸ್ ಇದ್ದೇ ಇರುತ್ತದೆ. ಒಳಗಿನ ವೋಲ್ಟೇಜ್ ಡಿವೈಡರ್ ಎಲ್ಲಾ ಫ್ರೀಕ್ವೆನ್ಸಿಯಲ್ಲೂ ಒಂದೇ ಥರ ಕೆಲಸ ಮಾಡಲಿ ಅಂತ ಹಾಕಿದ ಕೆಪ್ಯಾಸಿಟರ್‌ಗಳು, ಸರ್ಜ್ ಬಂದರೆ ತಡೆಯಲಿ ಅಂತ ಹಾಕಿದ ಎಂಒವಿ, ಜ್ಯಾಕ್, ರೋಟರಿ ಸ್ವಿಚ್, ಬೋರ್ಡಿನ ಟ್ರ್ಯಾಕ್‌ಗಳು, ಎಲ್ಲಾ ಸೇರಿ ಆಗುವ ಲೆಕ್ಕ ಅದು. ಫ್ಲೂಕ್ 87 ಫೈವ್ ಮೀಟರ್‌ನ ಸ್ಪೆಸಿಫಿಕೇಶನ್ ತೆಗೆದು ನೋಡಿ, 10 ಮೆಗಾಓಮ್ ಪಕ್ಕದಲ್ಲೇ 100 ಪಿಕೋಫ್ಯಾರಡ್‌ಗಿಂತ ಕಡಿಮೆ ಅಂತ ಬರೆದಿದ್ದಾರೆ. ಎಚ್‌ಪಿ ಕಾಲದಿಂದ ಬಂದ 34401ಎ ಬೆಂಚ್ ಮೀಟರ್‌ನಲ್ಲಿ ಎಸಿ ವೋಲ್ಟ್‌ಗೆ ಇನ್‌ಪುಟ್ ಬರೀ 1 ಮೆಗಾಓಮ್, ಜೊತೆಗೆ 100 ಪಿಕೋಫ್ಯಾರಡ್. ಅಗ್ಗದ ಮೀಟರ್‌ಗಳ ಪುಸ್ತಕದಲ್ಲಿ ಎಷ್ಟೋ ಸಲ ಈ ಸಂಖ್ಯೆಯೇ ಇರುವುದಿಲ್ಲ. ಅದಕ್ಕೇ ನಾವೇ ಅಳೆಯಬೇಕು.

100 ಪಿಕೋಫ್ಯಾರಡ್ ಅಂದರೆ ಏನು ಮಹಾ ಅನಿಸಬಹುದು. ಮನೆಯ 50 ಹರ್ಟ್ಸ್‌ನಲ್ಲಿ ಅದರ ರಿಯಾಕ್ಟೆನ್ಸ್, ಅಂದರೆ ಎಸಿಗೆ ಅದು ಒಡ್ಡುವ ತಡೆ, ಸುಮಾರು 32 ಮೆಗಾಓಮ್, ಅಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 1 ಕಿಲೋಹರ್ಟ್ಸ್‌ಗೆ ಬಂದರೆ 1.6 ಮೆಗಾಓಮ್. 20 ಕಿಲೋಹರ್ಟ್ಸ್‌ನಲ್ಲಿ ಬರೀ 80 ಕಿಲೋಓಮ್! ಅಂದರೆ ಆಡಿಯೋ ಸಿಗ್ನಲ್ ಅಳೆಯುವಾಗ ನಿಮ್ಮ ಮೀಟರ್ 10 ಮೆಗಾಓಮ್ ಮೀಟರ್ ಆಗಿ ಉಳಿದಿರುವುದೇ ಇಲ್ಲ. ಸಿಗ್ನಲ್ ಕೊಡುವ ಸೋರ್ಸ್‌ನ ರೆಸಿಸ್ಟೆನ್ಸ್ 100 ಕಿಲೋಓಮ್ ಇದೆ, ಸಿಗ್ನಲ್ 10 ಕಿಲೋಹರ್ಟ್ಸ್ ಇದೆ ಅಂದುಕೊಳ್ಳಿ. 10 ಮೆಗಾಓಮ್ ನಂಬಿ ಲೆಕ್ಕ ಹಾಕಿದರೆ ತಪ್ಪು 1 ಪರ್ಸೆಂಟ್. ಈ 100 ಪಿಕೋಫ್ಯಾರಡ್ ಸೇರಿಸಿ ನೋಡಿದರೆ ವೋಲ್ಟೇಜ್ 15 ಪರ್ಸೆಂಟ್‌ಗೂ ಜಾಸ್ತಿ ಕುಸಿಯುತ್ತದೆ. ನನಗೆ ಇದು ಸಣ್ಣ ವಿಷಯ ಅಂತ ಅನಿಸುವುದೇ ಇಲ್ಲ.

ಸರಿ, ಈಗ ಅಳತೆ. ಜನರೇಟರ್‌ನಲ್ಲಿ ಸೈನ್ ವೇವ್, ಮೀಟರ್ ಎಸಿ ವೋಲ್ಟ್‌ನಲ್ಲಿ. ಮೊದಲು ರೇಂಜ್ ಬಟನ್ ಒತ್ತಿ ಆಟೋ ರೇಂಜ್ ತೆಗೆದುಬಿಡಿ, ಯಾಕಂದರೆ ರೇಂಜ್ ಬದಲಾದರೆ ಒಳಗಿನ ಡಿವೈಡರ್ ಕೂಡ ಬದಲಾಗಬಹುದು. ಮೀಟರ್‌ನ ಕಾಮನ್ ಯಾವಾಗಲೂ ಜನರೇಟರ್‌ನ ಗ್ರೌಂಡ್‌ಗೇ ಹೋಗಬೇಕು. ಮೀಟರನ್ನು ಕೈಯಲ್ಲಿ ಹಿಡಿಯಬೇಡಿ, ಟೇಬಲ್ ಮೇಲೆ ಬಿಡಿ, ಕೈ ಕೂಡ ಕೆಲವು ಪಿಕೋಫ್ಯಾರಡ್ ಸೇರಿಸುತ್ತದೆ.

ರೆಸಿಸ್ಟರ್ ಇಲ್ಲದೆ ನೇರವಾಗಿ ಕೊಟ್ಟು, 50 ಹರ್ಟ್ಸ್‌ನಲ್ಲಿ ಮೀಟರ್ ಸರಿಯಾಗಿ 1 ವೋಲ್ಟ್ ತೋರಿಸುವ ಹಾಗೆ ಹೊಂದಿಸಿ. ಈಗ ಮಧ್ಯೆ 1 ಮೆಗಾಓಮ್ ಹಾಕಿ. 0.909 ಬಂತು, ನೋಡಿ. 11ರಲ್ಲಿ 10 ಭಾಗ. ಅಲ್ಲಿಗೆ ಇನ್‌ಪುಟ್ ರೆಸಿಸ್ಟೆನ್ಸ್ 10 ಮೆಗಾಓಮ್ ಅಂತ ಖಾತ್ರಿಯಾಯಿತು. ಈಗ ಫ್ರೀಕ್ವೆನ್ಸಿಯನ್ನು 1 ಕಿಲೋಹರ್ಟ್ಸ್‌ಗೆ ಏರಿಸುತ್ತೇನೆ. 0.79! ರೆಸಿಸ್ಟರ್ ಅದೇ, ಮೀಟರ್ ಅದೇ, ವೋಲ್ಟೇಜ್ ಅದೇ. ಈ ಇಳಿತ ಪೂರ್ತಿ ಕೆಪ್ಯಾಸಿಟೆನ್ಸ್‌ದು ಅಂತ ಹೇಳುವ ಮೊದಲು ಒಂದು ಕೆಲಸ ಮಾಡಲೇಬೇಕು. 1 ಕಿಲೋಹರ್ಟ್ಸ್‌ನಲ್ಲೂ ರೆಸಿಸ್ಟರ್ ತೆಗೆದು ನೇರ ಕೊಟ್ಟು ನೋಡಬೇಕು, ಯಾಕಂದರೆ ಎಷ್ಟೋ ಮೀಟರ್‌ಗಳ ಎಸಿ ಅಳತೆ ಕೆಲವು ನೂರು ಹರ್ಟ್ಸ್ ದಾಟಿದರೆ ತಾನಾಗಿಯೇ ಇಳಿಯಲು ಶುರುವಾಗುತ್ತದೆ. ಇಲ್ಲಿ ನೇರ ಕೊಟ್ಟರೆ 1 ವೋಲ್ಟೇ ಬರುತ್ತಿದೆ. ನಿಮ್ಮದರಲ್ಲಿ 0.97 ಬಂದರೆ, ರೆಸಿಸ್ಟರ್ ಜೊತೆ ಬಂದ ಸಂಖ್ಯೆಯನ್ನು 0.97ರಿಂದ ಭಾಗಿಸಿ ಮುಂದೆ ಹೋಗಿ.

ಲೆಕ್ಕ ಹೀಗೆ. 0.909 ಅನ್ನು 0.79ರಿಂದ ಭಾಗಿಸಿದರೆ 1.15. ಅದರ ವರ್ಗ 1.32. ಒಂದು ಕಳೆದು ವರ್ಗಮೂಲ ತೆಗೆದರೆ 0.57. ಇನ್ನು 1 ಮತ್ತು 10 ಮೆಗಾಓಮ್ ಪ್ಯಾರಲಲ್ ಆದರೆ 909 ಕಿಲೋಓಮ್, ಅದನ್ನು 2 ಪೈ ಮತ್ತು 1000 ಹರ್ಟ್ಸ್‌ನಿಂದ ಗುಣಿಸಿ. ಆ ಸಂಖ್ಯೆಯಿಂದ 0.57 ಅನ್ನು ಭಾಗಿಸಿದರೆ ಉತ್ತರ ಸುಮಾರು 100 ಪಿಕೋಫ್ಯಾರಡ್.

ಒಂದು ವಿಷಯ ಗಮನಿಸಿದ್ರಾ? ರೆಸಿಸ್ಟರನ್ನು ನಾನು ಮೀಟರ್‌ನ ಜ್ಯಾಕ್ ಹತ್ತಿರವೇ ಹಾಕಿದ್ದೆ, ಪ್ರೋಬ್‌ನ ತುದಿಯಲ್ಲಿ ಅಲ್ಲ. ಹೀಗೆ ಮಾಡಿದರೆ ಉದ್ದದ ವಯರ್ ಜನರೇಟರ್ ಕಡೆಗೆ ಸೇರುತ್ತದೆ. ಜನರೇಟರ್ 50 ಓಮ್, ಅದಕ್ಕೆ ವಯರ್‌ನ ಕೆಪ್ಯಾಸಿಟೆನ್ಸ್ ಲೆಕ್ಕಕ್ಕೇ ಇಲ್ಲ. ಈಗ ಅದೇ ರೆಸಿಸ್ಟರನ್ನು ಪ್ರೋಬ್ ತುದಿಗೆ ತಂದರೆ 0.75ಕ್ಕೆ ಇಳಿಯಿತು. ಲೆಕ್ಕ ಹಾಕಿದರೆ 120. ಹೆಚ್ಚಾದ 20 ಪಿಕೋಫ್ಯಾರಡ್ ಪೂರ್ತಿ ವಯರ್‌ದು. ಕೆಂಪು ಕಪ್ಪು ವಯರ್‌ಗಳನ್ನು ಒಂದಕ್ಕೊಂದು ಸುತ್ತಿದರೆ ಇನ್ನೂ ಜಾಸ್ತಿ. ಬಿಎನ್‌ಸಿ ಅಡಾಪ್ಟರ್ ಹಾಕಿ ಸಾಮಾನ್ಯ ಕೋಆಕ್ಸ್ ಕೇಬಲ್ ಬಳಸಿದರಂತೂ ಕೇಬಲ್‌ನ ಪ್ರತಿ ಒಂದು ಮೀಟರ್ ಉದ್ದಕ್ಕೆ ಸುಮಾರು 100 ಪಿಕೋಫ್ಯಾರಡ್ ಸೇರುತ್ತಾ ಹೋಗುತ್ತದೆ. ಸರ್ಕ್ಯೂಟ್‌ಗೆ ತಟ್ಟುವುದು ಈ ಒಟ್ಟು ಮೊತ್ತ.

ಡಿಸಿ ರೇಂಜ್‌ನ ಕೆಪ್ಯಾಸಿಟೆನ್ಸ್ ಬೇಕಿದ್ದರೆ ಕೆಪ್ಯಾಸಿಟೆನ್ಸನ್ನು ನೇರವಾಗಿ ಅಳೆಯುವ ಎಲ್‌ಸಿಆರ್ ಮೀಟರ್ ಬೇಕು. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನಲ್ಲಿ ಆನ್ ಮಾಡಿ, ಎಲ್‌ಸಿಆರ್ ಅನ್ನು 1 ಕಿಲೋಹರ್ಟ್ಸ್, ಪ್ಯಾರಲಲ್ ಮೋಡ್‌ನಲ್ಲಿಟ್ಟು ಜ್ಯಾಕ್‌ಗೆ ಕೊಡಿ. ಸೀರೀಸ್ ಮೋಡ್ ಬೇಡ, 10 ಮೆಗಾಓಮ್ ಪಕ್ಕದಲ್ಲಿ ಇರುವುದರಿಂದ ಸಂಖ್ಯೆ ಜಾಸ್ತಿ ತೋರಿಸುತ್ತದೆ.

ಇದನ್ನೆಲ್ಲ ತಿಳಿದು ಏನು ಮಾಡಬೇಕು ಅಂದರೆ, ಸಮಯ ಲೆಕ್ಕ ಇಡುವ ಆರ್‌ಟಿಸಿ ಚಿಪ್ ಡಿಎಸ್1307 ನೋಡಿ. ಅದರ 32.768 ಕಿಲೋಹರ್ಟ್ಸ್ ಕ್ರಿಸ್ಟಲ್‌ಗೆ ಬೇಕಾದ ಲೋಡ್ ಬರೀ 12.5 ಪಿಕೋಫ್ಯಾರಡ್. ಅಲ್ಲಿಗೆ 120 ತಂದು ಮುಟ್ಟಿಸಿದರೆ ಆಸಿಲೇಶನ್ ನಿಂತೇ ಹೋಗಬಹುದು, ಆಮೇಲೆ ಕ್ರಿಸ್ಟಲ್ ಸತ್ತಿದೆ ಅಂತ ಸುಮ್ನೆ ಬಿಚ್ಚಿ ಎಸೆಯುತ್ತೇವೆ. ಎಲ್‌ಎಂ358 ಆಪ್‌ಆಂಪ್ ಡೇಟಾಶೀಟ್ ಕೂಡ ಯೂನಿಟಿ ಗೇನ್‌ನಲ್ಲಿ, ಅಂದರೆ ಸಿಗ್ನಲ್ ದೊಡ್ಡದು ಮಾಡದೆ ಹಾಗೆಯೇ ಕೊಡುವಾಗ, 50 ಪಿಕೋಫ್ಯಾರಡ್ ತನಕದ ಲೋಡ್ ಬಗ್ಗೆಯೇ ಭರವಸೆ ಕೊಡುತ್ತದೆ. ಇಂಥ ಕಡೆ ಎಸಿ ನೋಡಬೇಕಾದರೆ ಆಸಿಲೋಸ್ಕೋಪ್‌ನ ಟೆನ್ ಎಕ್ಸ್ ಪ್ರೋಬ್ (ಸಿಗ್ನಲನ್ನು ಹತ್ತರಲ್ಲಿ ಒಂದಕ್ಕೆ ಇಳಿಸಿ ಕೊಡುವುದು) ಹಿಡಿಯಿರಿ, ಅದರದ್ದು ಸಾಮಾನ್ಯವಾಗಿ 10ರಿಂದ 15 ಪಿಕೋಫ್ಯಾರಡ್ ಅಷ್ಟೇ.

ಓಡುತ್ತಿರುವ ಆಸಿಲೇಟರ್‌ನ ಡಿಸಿ ಬಯಾಸ್ (ಅದು ಕೆಲಸ ಮಾಡಲು ಕೊಟ್ಟ ಸ್ಥಿರ ಡಿಸಿ ವೋಲ್ಟೇಜ್) ಮಾತ್ರ ಸಾಕು ಅಂದರೆ ಇನ್ನೂ ಸುಲಭ. ಪ್ರೋಬ್‌ನ ತುದಿಗೇ 100 ಕಿಲೋಓಮ್ ರೆಸಿಸ್ಟರ್ ಸೇರಿಸಿ. ವಯರ್ ಮತ್ತು ಮೀಟರ್‌ನ ಕೆಪ್ಯಾಸಿಟೆನ್ಸ್ ಅದರ ಹಿಂದೆ ಉಳಿಯುತ್ತದೆ, ರೀಡಿಂಗ್ 1 ಪರ್ಸೆಂಟ್ ಕಡಿಮೆ ಬರುತ್ತದೆ. ಹಳೆಯ ವ್ಯಾಕ್ಯೂಮ್ ಟ್ಯೂಬ್ ವೋಲ್ಟ್‌ಮೀಟರ್‌ಗಳ ಡಿಸಿ ಪ್ರೋಬ್ ಒಳಗೆ ಇದೇ ಕಾರಣಕ್ಕೆ 1 ಮೆಗಾಓಮ್ ಇಡುತ್ತಿದ್ದರು. ಮೀಟರ್‌ನ 10, ಪ್ರೋಬ್‌ನ 1, ಒಟ್ಟು 11 ಮೆಗಾಓಮ್ ಅಂತ ಸ್ಕೇಲನ್ನೇ ಅದಕ್ಕೆ ಹೊಂದಿಸಿರುತ್ತಿದ್ದರು. ನಮ್ಮ ಡಿಜಿಟಲ್ ಮೀಟರ್‌ನಲ್ಲಿ ಆ ಹೊಂದಾಣಿಕೆ ಇಲ್ಲ, ಹಾಗಾಗಿ ಬಂದ ಸಂಖ್ಯೆಯನ್ನು ನಾವೇ 1.01ರಿಂದ ಗುಣಿಸಿಕೊಳ್ಳಬೇಕು. ನಿಮ್ಮ ಮೀಟರ್‌ನಲ್ಲಿ ಎಷ್ಟು ಪಿಕೋಫ್ಯಾರಡ್ ಬಂತು ಅಂತ ಕೆಳಗೆ ಬರೆಯಿರಿ, ಮಾಡೆಲ್ ಹೆಸರಿನ ಜೊತೆ, ಯಾವ ರೇಂಜ್‌ನಲ್ಲಿ ಅಳೆದಿರಿ ಅನ್ನುವುದನ್ನೂ ಸೇರಿಸಿ.