ಆನೆ ಲದ್ದಿ ಮತ್ತು ಕಡಲ ಸೌತೆಯ ಮರಳು

ಎಲ್ಲರಿಗೂ ನಮಸ್ಕಾರ. ಆನೆಗೂ ಕಡಲ ಸೌತೆಗೂ ಏನಪ್ಪಾ ಸಂಬಂಧ ಅಂತ ನಕ್ಕವರು ಇಲ್ಲಿ ಕೂತಿದ್ದೀರಿ, ಗೊತ್ತು. ಮೊದಲೇ ಹೇಳಿಬಿಡುತ್ತೇನೆ, ಇವತ್ತಿನ ಮಾತೆಲ್ಲ ಜಾಸ್ತಿ ಹಿಂಭಾಗದ ಬಗ್ಗೆಯೇ.

ಕಡಲ ಸೌತೆ ತರಕಾರಿ ಅಲ್ಲ, ಪ್ರಾಣಿ. ನಕ್ಷತ್ರ ಮೀನಿನ ನೆಂಟ. ಮಿದುಳಿಲ್ಲ, ಬೆನ್ನೆಲುಬಿಲ್ಲ, ಸಮುದ್ರದ ತಳದಲ್ಲಿ ಸುಮ್ನೆ ಬಿದ್ದಿರುತ್ತದೆ. ತಮಿಳು ಮೀನುಗಾರರು ಇದನ್ನು 'ಕಡಲ್ ಅಟ್ಟೈ' ಅನ್ನುತ್ತಾರೆ, ಅಂದರೆ ಕಡಲ ಜಿಗಣೆ. ಮಲೆನಾಡಿನವರಿಗೆ ಇಂಬಳದ ಹೆಸರು ಕೇಳಿದರೇ ಕಾಲು ತುರಿಸುತ್ತದೆ, ಆದರೆ ಇದು ಪಾಪ ಯಾರ ರಕ್ತವನ್ನೂ ಹೀರುವುದಿಲ್ಲ.

ಆನೆ ದಿನಕ್ಕೆ ಸುಮಾರು 150 ಕೆಜಿ ಮೇವು ತಿನ್ನುತ್ತದೆ. ಅದರಲ್ಲಿ ಅರ್ಧದಷ್ಟೂ ಅರಗುವುದಿಲ್ಲ. ಲದ್ದಿಯ ಉಂಡೆಯೊಂದನ್ನು ಕೋಲಿನಿಂದ ಬಿಡಿಸಿ ನೋಡಿ: ಬಿದಿರಿನ ನಾರು, ಹುಲ್ಲು, ಕೊಡಗಿನ ತೋಟದ ಕಡೆಯಾದರೆ ಇಡೀ ಹಲಸಿನ ಬೀಜ, ಒಮ್ಮೊಮ್ಮೆ ಕಾಫಿ ಬೀಜ ಕೂಡ. ಸಗಣಿ ಹುಳಗಳು ಆಗಲೇ ಬಂದು ಕೆಲಸ ಶುರುಮಾಡಿರುತ್ತವೆ. ಮಳೆ ಬಿದ್ದರೆ ಅದೇ ಉಂಡೆಯಿಂದ ಮೊಳಕೆ ಏಳುತ್ತದೆ.

ಈಗ ಕಡಲ ಸೌತೆ. ಅದರ ಬಾಯಿಯ ಸುತ್ತ ಬೆರಳಿನಂಥ ಕವಲುಗಳಿವೆ. ಒಂದೊಂದನ್ನೇ ಮರಳಿಗೆ ಒತ್ತಿ, ಬಾಯಿಗಿಟ್ಟು, ನಾವು ಉಪ್ಪಿನಕಾಯಿ ಬೆರಳು ಚೀಪುತ್ತೇವಲ್ಲ, ಹಾಗೆ ಚೀಪುತ್ತದೆ. ಮರಳಿಗೆ ಅಂಟಿದ ಪಾಚಿ, ಕೊಳೆ ಎಲ್ಲ ಅರಗಿ, ತೊಳೆದ ಮರಳು ಹಿಂದಿನಿಂದ ಚಕ್ಕುಲಿ ಒತ್ತಿದ ಹಾಗೆ ಬರುತ್ತದೆ. ಹವಳದ ದಿಬ್ಬದ ಹತ್ತಿರ ಇದ್ದರೆ ಮರಳಿನ ಸುಣ್ಣ ಅದರ ಹೊಟ್ಟೆಯಲ್ಲಿ ಸ್ವಲ್ಪ ಕರಗಿ ನೀರಿಗೆ ಸೇರುತ್ತದೆ, ಹವಳಕ್ಕೆ ಮತ್ತೆ ಮನೆ ಕಟ್ಟಿಕೊಳ್ಳಲು ಬೇಕಾಗುವುದೂ ಅದೇ ಸುಣ್ಣ.

ಉಸಿರಾಟಕ್ಕೂ ಅದೇ ದಾರಿ. ಆನೆ ಸೊಂಡಿಲಿನಿಂದ ಉಸಿರಾಡಿದರೆ ಇದು ಗುದದ್ವಾರದಿಂದ ನೀರು ಎಳೆದುಕೊಂಡು ಉಸಿರಾಡುತ್ತದೆ. ಬಾಗಿಲು ತೆರೆದಾಗ ಒಂದು ಜಾತಿಯ ಸಣ್ಣ ಮೀನು ಒಳಗೆ ನುಗ್ಗಿ ಅಲ್ಲೇ ವಾಸ ಮಾಡುತ್ತದೆ. ಬಾಡಿಗೆಯೂ ಇಲ್ಲ, ಅಡ್ವಾನ್ಸೂ ಇಲ್ಲ!

ಇಷ್ಟೆಲ್ಲ ಬೇರೆ ಇದ್ದರೂ ಕಡಲ ಸೌತೆ ಎರೆಹುಳಕ್ಕಿಂತ ಆನೆಗೇ ಹತ್ತಿರದ ಸಂಬಂಧಿ. ಭ್ರೂಣದಲ್ಲಿ ಮೊದಲು ಮೂಡುವ ತೂತು ಎರಡರಲ್ಲೂ ಹಿಂಭಾಗದ್ದು, ಬಾಯಿ ಆಮೇಲೆ. ನಗಬೇಡಿ, ನಮ್ಮದೂ ಹಾಗೆಯೇ.

ಕಾನೂನಿನಲ್ಲೂ ಇವೆರಡೂ ಒಮ್ಮೆ ಜೊತೆಗೆ ಕೂತವು. 1972ರ ವನ್ಯಜೀವಿ ಕಾಯಿದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಪಟ್ಟಿಗೆ 1977ರಲ್ಲಿ ಆನೆ ಸೇರಿತು, 2001ರಲ್ಲಿ ಕಡಲ ಸೌತೆ. ಆನೆಯ ದಂತಕ್ಕೆ ಕಳ್ಳರಿದ್ದ ಹಾಗೆ ಇದಕ್ಕೂ ಇದ್ದಾರೆ. ಕರುಳು ತೆಗೆದು, ಬೇಯಿಸಿ, ಒಣಗಿಸಿ ಚೀನಾ ಕಡೆಯ ಅಡುಗೆಮನೆಗಳಿಗೆ ಸಾಗಿಸುತ್ತಾರೆ. ಒಣಗಿದ ಮೇಲೆ ನೋಡಿದರೆ ಸುಟ್ಟ ಬದನೆಕಾಯಿ ಥರ ಇರುತ್ತದೆ, ಅದನ್ನು ನೋಡಿ ಅಯ್ಯೋ ಅನ್ನುವವರು ಯಾರು? ಆದರೂ 2020ರಲ್ಲಿ ಲಕ್ಷದ್ವೀಪದಲ್ಲಿ 239 ಚದರ ಕಿಲೋಮೀಟರ್ ಕಡಲನ್ನು ಇದಕ್ಕಾಗಿಯೇ ಮೀಸಲಿಟ್ಟರು.

ಸರಿ, ಪ್ರಶ್ನೆ ಇದ್ದರೆ ಕೇಳಿ. ಆ ಬಾಡಿಗೆ ಕೊಡದ ಮೀನಿನ ಬಗ್ಗೆಯೇ ಮೊದಲ ಪ್ರಶ್ನೆ ಬರುತ್ತದೆ, ಅಲ್ವಾ?