ಆರನೆಯ ದಿನದ ಲೆಕ್ಕ

ಕೇಳುಗರೆಲ್ಲರಿಗೆ ನಮಸ್ಕಾರ.

ಕಾಸರಗೋಡು ಪೇಟೆಯಲ್ಲಿ ನಾನು ಒಂದರಿಂದ ನಾಲ್ಕರವರೆಗೆ ಕಲಿತ ಕನ್ನಡದ ಎಲ್‌ಪಿ, ಅಂದರೆ ಕಿರಿಯ ಪ್ರಾಥಮಿಕ, ಶಾಲೆಗೆ ಈಗ ಬೀಗ. ಹೆಸರು ಹೇಳುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಉಳಿದವರು ತಮ್ಮೂರಿನ ಇಂಥದ್ದೊಂದನ್ನು ನೆನೆದುಕೊಂಡರೆ ಸಾಕು. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ತರಗತಿಗಳ ನಡುವೆ ಬಿದಿರಿನ ತಟ್ಟಿ ಮಾತ್ರ. ಹಾಗಾಗಿ ಎರಡನೆಯಲ್ಲಿ ಕೂತವನಿಗೆ ನಾಲ್ಕನೆಯವರ ಮಗ್ಗಿಯೂ ಬಾಯಿಪಾಠ. ಅಂಗಳದ ಮಾವಿನ ಮರಕ್ಕೆ ರೈಲು ಹಳಿಯ ತುಂಡೊಂದನ್ನು ಸರಿಗೆಯಲ್ಲಿ ಕಟ್ಟಿ ತೂಗಹಾಕಿದ್ದರು. ಅದೇ ನಮ್ಮ ಗಂಟೆ.

ಶಾಲೆ ಶುರುವಾದಾಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸಲ್ಲಬೇಕೆಂದು 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಹೇಳಿತು, ಜಾರಿಗೆ ಬರಲಿಲ್ಲ. ಆ ಕಥೆ ನೀವು ಬೇಕಾದಷ್ಟು ಕೇಳಿದ್ದೀರಿ. ಶಾಲೆ ಮುಚ್ಚಿದ್ದು ಗಡಿಯಿಂದಲೇ ಎಂದರೆ ಮಾತ್ರ ನಾನು ಒಪ್ಪುವುದಿಲ್ಲ. ಕೇರಳಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ ನಾನು ಸೇರಿದ್ದು. ಆಗಲೂ ಒಂದನೆಯಲ್ಲಿ ಎರಡು ಡಿವಿಷನ್ ಇತ್ತು, ಬೆಂಚು ಸಾಲದೆ ಕೆಲವರು ನೆಲದ ಮೇಲೆ.

ಕೆಟ್ಟದ್ದು ಬೇರೆ ದಾರಿಯಿಂದ ಬಂತು. ನಮ್ಮದು ಐಡೆಡ್ ಶಾಲೆ: ಜಾಗ, ಕಟ್ಟಡ ಮ್ಯಾನೇಜರರದ್ದು, ಮಾಷ್ಟ್ರುಗಳ ಸಂಬಳ ಸರಕಾರದ್ದು. ಕೇರಳದಲ್ಲಿ ಜೂನ್ ತಿಂಗಳಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ತಲೆ ಎಣಿಸುತ್ತಾರೆ. ಆ ವರ್ಷ ಎಷ್ಟು ಡಿವಿಷನ್, ಎಷ್ಟು ಮಂದಿ ಮಾಷ್ಟ್ರು ಎಂಬುದಕ್ಕೆ ಆ ಲೆಕ್ಕವೇ ಆಧಾರ. ಸುರಿಯುವ ಮಳೆ, ಮಕ್ಕಳಿಗೆ ಜ್ವರ ಬರುವ ಕಾಲ ಬೇರೆ. ಒಂದು ವರ್ಷ ಆ ದಿನ ನನ್ನ ತಮ್ಮ ಜ್ವರದಲ್ಲಿ ಮಲಗಿದ್ದ. ಹೆಡ್‌ಮಾಷ್ಟ್ರು ಮನೆಗೇ ಬಂದರು. "ಅಮ್ಮಾ, ಇವತ್ತೊಂದು ದಿನ. ಎಣಿಸಿ ಆದ ಕೂಡಲೇ ನಾನೇ ತಂದು ಬಿಡ್ತೇನೆ" ಎಂದು ಅವನನ್ನು ಹೆಗಲಿಗೆ ಹಾಕಿ, ಕೊಡೆ ಬಿಡಿಸಿ ನಡೆದರು. ಹನ್ನೊಂದು ಗಂಟೆಗೆ ವಾಪಸು ತಂದೂ ಬಿಟ್ಟರು. ಅಮ್ಮ ಬೈದುಕೊಂಡೇ ಅವರಿಗೆ ಚಾ ಕೊಟ್ಟರು.

ನಾಲ್ಕು ಮಕ್ಕಳು ಕಡಿಮೆಯಾದರೆ ಒಂದು ಡಿವಿಷನ್ ಹೋಯಿತು. ಡಿವಿಷನ್ ಹೋದರೆ ಒಬ್ಬ ಮಾಷ್ಟ್ರು ಹೋದರು. ಒಬ್ಬರೇ ಎರಡು ತರಗತಿ ನೋಡುವುದನ್ನು ಕಂಡ ಹೆತ್ತವರು ಮರುವರ್ಷ ಇನ್ನೂ ನಾಲ್ವರನ್ನು ಬಿಡಿಸಿದರು. ಕೊನೆಕೊನೆಗೆ ಕಾಗದಪತ್ರಗಳಲ್ಲಿ ನಮ್ಮದು 'ಅನ್‌ಇಕನಾಮಿಕ್', ಅಂದರೆ ಲಾಭವಿಲ್ಲದ, ಶಾಲೆ. ಅಂಗಡಿಗೆ ಹೇಳುವ ಮಾತನ್ನು ಶಾಲೆಗೆ ಹೇಳಿದ್ದು ಇವತ್ತಿಗೂ ನನಗೆ ಸರಿ ಕಂಡಿಲ್ಲ.

ಮಕ್ಕಳು ಎಲ್ಲಿ ಹೋದರು? ಸುತ್ತಲಿನ ಮನೆಗಳು ಲಾಡ್ಜು, ಜವುಳಿ ಅಂಗಡಿ, ಮೊಬೈಲ್ ಅಂಗಡಿಗಳಾದವು. ಆರು ಮಕ್ಕಳಿದ್ದ ಮನೆಯಲ್ಲಿ ಇಬ್ಬರಾದರು. ಓದಿದವರು ಮಂಗಳೂರಿಗೆ ಹೋದರು, ಕೆಲವರು ಗಲ್ಫಿಗೆ. ಉಳಿದವರು ಲೆಕ್ಕ ಹಾಕಿದರು: ಇಲ್ಲಿ ಸರಕಾರಿ ಕೆಲಸಕ್ಕೆ ಮಲಯಾಳ ಬೇಕು, ಹೊರಗೆ ಹೋಗಲು ಇಂಗ್ಲಿಷ್ ಬೇಕು. ಕನ್ನಡ ಬಾರದವರು ಕನ್ನಡ ಮಕ್ಕಳಿಗೆ ಟೀಚರಾಗಿ ಬಂದು, ಹೆತ್ತವರು ಪ್ರತಿಭಟಿಸಿದ್ದು ಜಿಲ್ಲೆಯಲ್ಲಿ ಉಂಟು. ನಮ್ಮ ಶಾಲೆಗೆ ಆ ಕಷ್ಟ ಬರಲಿಲ್ಲ. ನಮ್ಮಲ್ಲಿ ಕನ್ನಡದ ಟೀಚರಿದ್ದರು, ಮಕ್ಕಳಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಶಾಲೆಯ ಗೇಟಿನೆದುರೇ ಇಂಗ್ಲಿಷ್ ಮೀಡಿಯಂ ವ್ಯಾನು ನಿಲ್ಲುತ್ತಿತ್ತು. ನನ್ನ ಮಗಳು ಹತ್ತಿದ್ದೂ ಅದೇ ವ್ಯಾನಿಗೆ. ಇದನ್ನು ಮುಚ್ಚಿಟ್ಟು ಉಳಿದದ್ದನ್ನೆಲ್ಲ ಓದಿದರೆ ಮೋಸವಾಗುತ್ತದೆ. ವ್ಯಾನಿಗೆ ಕಾಯುವಾಗ ಹೆಡ್‌ಮಾಷ್ಟ್ರು ಎದುರಾದರೆ ನಾನು ಮೊಬೈಲ್ ನೋಡುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಒಳಗೆ ಹೋಗಿದ್ದೆ. ಮಾಡಿನ ಒಂದು ಪಕ್ಕ ಕುಸಿದಿದೆ. ಕರಿಹಲಗೆಯ ಮೂಲೆಯಲ್ಲಿ 'ಹಾಜರು' ಎಂಬ ಅಕ್ಷರ ಇನ್ನೂ ಓದಲು ಬರುತ್ತದೆ, ಅದರ ಮುಂದಿನ ಅಂಕಿ ಅಳಿಸಿಹೋಗಿದೆ. ಹಳಿಯ ತುಂಡು ಗುಜರಿಗೆ ಹೋಗಿರಬೇಕು. ಸರಿಗೆ ಮಾತ್ರ ಉಂಟು. ಮಾವಿನ ಗೆಲ್ಲು ಬೆಳೆದು ಅದನ್ನು ಅರ್ಧ ನುಂಗಿದೆ.

ನಮಸ್ಕಾರ.